ಕಟ್ಟಡ, ಯಂತ್ರ ಬಂದರೆ ಸಾಲದು: ಗಡಿನಾಡಿನ ಕ್ಯಾನ್ಸರ್ ರೋಗಿಗಳಿಗೆ ಬೇಕಾದದ್ದೇನು?



ನಮ್ಮ ಸಂಘದ ಪುಟದಲ್ಲಿ ಸಾಮಾನ್ಯವಾಗಿ ರಾಜ್ಯೋತ್ಸವ, ಪ್ರತಿಭಾ ಪುರಸ್ಕಾರ, ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರ ಕೊರತೆ ಇಂಥ ವಿಷಯಗಳೇ ಬರುತ್ತವೆ. ಈ ಸಲ ಆಸ್ಪತ್ರೆಯ ವಿಷಯ ಬರೆಯುತ್ತಿದ್ದೇನೆ. ಸಂಘದ ಫೋನಿಗೆ ಈಚೆಗೆ ಬರುವ ಕರೆಗಳಲ್ಲಿ "ಜಾತಿ ಪ್ರಮಾಣಪತ್ರ ಹೇಗೆ ಮಾಡಿಸುವುದು" ಎಂಬುದಕ್ಕಿಂತ "ಕಿದ್ವಾಯಿಯಲ್ಲಿ ನಿಮಗೆ ಯಾರಾದರೂ ಗೊತ್ತಿದ್ದಾರಾ ಸಾರ್" ಎಂಬ ಮಾತೇ ಹೆಚ್ಚು. ರಾಯದುರ್ಗದಿಂದಲೂ ಮಡಕಶಿರಾದಿಂದಲೂ ಅದೇ ಪ್ರಶ್ನೆ. ಯಾರಾದರೂ ಗೊತ್ತಿದ್ದರೆ ಮಾತ್ರ ಕೆಲಸ ಆಗುತ್ತದೆ ಎಂದು ಜನ ನಂಬಿದ್ದಾರೆ ಎಂದರೆ ವ್ಯವಸ್ಥೆಯಲ್ಲಿ ಏನೋ ಕೊರತೆ ಇದೆ ಎಂದೇ ಅರ್ಥ. ಆ ಕೊರತೆ ಎಲ್ಲಿದೆ, ಅದನ್ನು ಯಾರು ತುಂಬಬೇಕು, ನಾವು ಏನು ಕೇಳಬೇಕು ಎಂಬುದನ್ನು ಇಲ್ಲಿ ಇಡುತ್ತಿದ್ದೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರು ಸುಮಾರು 14.6 ಲಕ್ಷ ಮಂದಿ. ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಈ ಕಾಯಿಲೆ ಬರುವ ಸಂಭವವಿದೆ ಎಂದು ಅದೇ ಅಂದಾಜು ಹೇಳುತ್ತದೆ. ಹಾಗಾಗಿ ಇದು ಪಕ್ಕದ ಮನೆಯವರ ವಿಷಯವೆಂದು ಯಾರೂ ಕೂರುವಂತಿಲ್ಲ.

ಎರಡು ರಾಜ್ಯ, ಒಬ್ಬ ರೋಗಿ

ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಮೂರೂ ಅತ್ತ ಹೋದವು. ಮಡಕಶಿರಾದ ಕಥೆ ಬೇರೆ. ಅದು ಮೊದಲಿನಿಂದ ಮದ್ರಾಸಿನ ಆಡಳಿತದಲ್ಲಿದ್ದು, ಶಿರಾ, ಪಾವಗಡ, ಮಧುಗಿರಿಗಳ ನಡುವೆ ಚಾಚಿಕೊಂಡ ತಾಲ್ಲೂಕು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಮರುವಿಂಗಡಣೆಯಾದ ಮೇಲೆ ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಕ್ಷೆ ಎಷ್ಟು ಸಲ ಬದಲಾದರೂ ಕಾಯಿಲೆ ಬಂದಾಗ ಜನ ಹೋಗುವ ದಾರಿ ಮಾತ್ರ ಹಳೆಯದೇ. ರಾಯದುರ್ಗದವರಿಗೆ ಸುಮಾರು 50 ಕಿ.ಮೀ. ದೂರದ ಬಳ್ಳಾರಿ ಹತ್ತಿರ. ಅನಂತಪುರ ಹೆಚ್ಚು ಕಡಿಮೆ ಅದರ ಎರಡರಷ್ಟು. ಮಡಕಶಿರಾದವರು ಹಿಂದೂಪುರಕ್ಕೆ ಬಂದು ರೈಲು ಹತ್ತಿದರೆ ಬೆಂಗಳೂರು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಕೇಂದ್ರ ಸರ್ಕಾರ ಗುರುತಿಸಿದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲಿ ಅದೂ ಒಂದು. ಪ್ರಾದೇಶಿಕ ಎಂದ ಮೇಲೆ ಅದು ಒಂದೇ ರಾಜ್ಯಕ್ಕೆ ಮೀಸಲಲ್ಲ. ಆಂಧ್ರ, ತಮಿಳುನಾಡು ಕಡೆಯಿಂದಲೂ ಜನ ಅಲ್ಲಿಗೆ ಬರುತ್ತಾರೆ. ಹೋಗಿ ಬಂದವರಿಗೆಲ್ಲ ಅಲ್ಲಿನ ಸಾಲು ಗೊತ್ತು. ಆ ಸಾಲಿಗೆ ಅಲ್ಲಿನ ವೈದ್ಯರನ್ನೋ ನರ್ಸುಗಳನ್ನೋ ದೂರಿ ಪ್ರಯೋಜನವಿಲ್ಲ. ಸುತ್ತಲ ಜಿಲ್ಲೆಗಳಲ್ಲಿ ಆಗಬಹುದಾದ ಕೆಲಸವೂ ಒಂದೇ ಬಾಗಿಲಿಗೆ ಬಂದು ನಿಂತರೆ ಸಾಲು ಉದ್ದವಾಗದೆ ಇನ್ನೇನಾದೀತು?

ಪ್ರಯಾಣದ ಲೆಕ್ಕ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಗುಮಾಸ್ತನಾಗಿದ್ದವನು ನಾನು. ಲೆಕ್ಕ ಹಾಕಿ ನೋಡದೆ ಸಮಾಧಾನವಾಗದು. ಕೀಮೋ ಚಿಕಿತ್ಸೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಆರು ಸಲ. ರೋಗಿಯ ಜೊತೆ ಒಬ್ಬರು ಎಂದರೂ ಹೋಗಿ ಬರಲು ಸಲಕ್ಕೆ ನಾಲ್ಕು ಟಿಕೆಟ್, ಆರು ಸಲಕ್ಕೆ 24 ಟಿಕೆಟ್. ಅದಕ್ಕೂ ಮುಂಚೆ ಮೊದಲ ತಪಾಸಣೆ, ಬಯಾಪ್ಸಿ, ಸ್ಕ್ಯಾನಿಂಗ್, ರಿಪೋರ್ಟು ಎಂದು ಓಡಾಡಿದ್ದು ಬೇರೆ. ವಿಕಿರಣ ಚಿಕಿತ್ಸೆ, ನಮ್ಮ ಜನರ ಮಾತಿನಲ್ಲಿ 'ಕರೆಂಟು ಕೊಡುವುದು', ಬಹುತೇಕ ವಾರಕ್ಕೆ ಐದು ದಿನದಂತೆ 25ರಿಂದ 35 ಸಲ. ಅಂದರೆ ಐದರಿಂದ ಏಳು ವಾರ ಬೆಂಗಳೂರಿನಲ್ಲೇ ಇರಬೇಕು. ಕೊಡುವುದು ಕೆಲವೇ ನಿಮಿಷ, ಆದರೆ ದಿನವೂ ಕೊಡಬೇಕು.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಮಡಕಶಿರಾ ಕಡೆ ಕಡಲೆಕಾಯಿ, ರೇಷ್ಮೆ ನಂಬಿದವರು ಹೆಚ್ಚು. ಇವರಲ್ಲಿ ಇಬ್ಬರು ಏಳು ವಾರ ಮನೆ ಬಿಟ್ಟರೆ ಆ ಸಂಸಾರದ ಗತಿ ಏನು? ಚಿಕಿತ್ಸೆ ಉಚಿತವಾದರೂ ಊಟ, ವಸತಿ, ಕಳೆದುಕೊಂಡ ಕೂಲಿ ಇವು ಯಾವ ಕಾರ್ಡಿಗೂ ಬರುವುದಿಲ್ಲ. ನಾಲ್ಕನೇ ಕೀಮೋಗೇ ನಿಲ್ಲಿಸಿದವರು, ಹತ್ತು ಸಲ ಕರೆಂಟು ಕೊಡಿಸಿ ಊರಿಗೆ ಬಂದುಬಿಟ್ಟವರು ನಮ್ಮ ನಡುವೆಯೇ ಇದ್ದಾರೆ. ಅರ್ಧ ಚಿಕಿತ್ಸೆಯಿಂದ ಪೂರ್ತಿ ಗುಣ ನಿರೀಕ್ಷಿಸುವಂತಿಲ್ಲ. ಆದ್ದರಿಂದ ದೂರ ಎಂಬುದು ಬರೀ ತೊಂದರೆಯ ಮಾತಲ್ಲ, ಜೀವದ ಮಾತು.

ಯಂತ್ರದ ಹಿಂದೆ ಎಷ್ಟು ಜನ?

ನಮ್ಮಲ್ಲಿ ಬೇಡಿಕೆ ಎಂದರೆ "ಅನಂತಪುರಕ್ಕೆ ಕ್ಯಾನ್ಸರ್ ಆಸ್ಪತ್ರೆ ಕೊಡಿ" ಎಂಬ ಒಂದು ಸಾಲಿನ ಮನವಿ. ಕೊಟ್ಟರು ಎಂದೇ ಇಟ್ಟುಕೊಳ್ಳಿ. ಶಂಕುಸ್ಥಾಪನೆ ಆಗುತ್ತದೆ, ಕಟ್ಟಡ ಏಳುತ್ತದೆ, ಯಂತ್ರವೂ ಬರುತ್ತದೆ. ಆಮೇಲೆ?

ವಿಕಿರಣ ಯಂತ್ರ ಓಡಿಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಆ ಅನುಮತಿಗೆ ವಿಕಿರಣ ತಜ್ಞ ವೈದ್ಯರು, ಪ್ರಮಾಣ ಲೆಕ್ಕ ಹಾಕುವ ವೈದ್ಯಕೀಯ ಭೌತವಿಜ್ಞಾನಿ, ತರಬೇತಿ ಪಡೆದ ತಂತ್ರಜ್ಞರು ಮತ್ತು ಮಂಡಳಿ ಒಪ್ಪಿದ ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕು. ಇವರಲ್ಲಿ ಒಬ್ಬರು ರಾಜೀನಾಮೆ ಕೊಟ್ಟು ಹೋದರೆ, ಕೋಟಿಗಟ್ಟಲೆ ಬೆಲೆಯ ಯಂತ್ರ ಕೆಟ್ಟಿರದೆ ಇದ್ದರೂ ಸುಮ್ಮನೆ ನಿಲ್ಲಬಹುದು. ಹಳೆಯ ಕೋಬಾಲ್ಟ್ ಯಂತ್ರವಾದರೆ ಇನ್ನೊಂದು ಸಂಗತಿ: ಅದರ ಮೂಲದ ಶಕ್ತಿ ಐದೂಕಾಲು ವರ್ಷಕ್ಕೆ ಅರ್ಧವಾಗುತ್ತದೆ. ಮೂಲ ಬದಲಾಯಿಸದಿದ್ದರೆ ಎರಡು ನಿಮಿಷ ಕೊಡುವಲ್ಲಿ ನಾಲ್ಕು ನಿಮಿಷ ಕೊಡಬೇಕಾಗುತ್ತದೆ. ದಿನಕ್ಕೆ ನೋಡುವ ರೋಗಿಗಳು ಕಡಿಮೆಯಾಗಿ ಸಾಲು ಬೆಳೆಯುತ್ತದೆ. ಸಕಾಲಕ್ಕೆ ಇಂಡೆಂಟು ಹಾಕದ ಒಂದು ಕಡತದಿಂದ ಎಷ್ಟು ಜನರ ಸರದಿ ಮುಂದೆ ಹೋಗುತ್ತದೆ ನೋಡಿ.

ಹತ್ತು ಲಕ್ಷ ಜನಸಂಖ್ಯೆಗೆ ಒಂದಾದರೂ ವಿಕಿರಣ ಯಂತ್ರ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಸಾಮಾನ್ಯವಾಗಿ ಹೇಳುವ ಅಳತೆ. 2011ರ ಜನಗಣತಿಯಲ್ಲಿ ಅವಿಭಜಿತ ಅನಂತಪುರ ಜಿಲ್ಲೆಯ ಜನಸಂಖ್ಯೆ ಸುಮಾರು 40.8 ಲಕ್ಷ. ಆ ಲೆಕ್ಕಕ್ಕೇ ನಾಲ್ಕು ಯಂತ್ರ ಬೇಕು. ಆದರೆ ನಾಲ್ಕು ಯಂತ್ರಕ್ಕೆ ನಾಲ್ಕು ತಂಡವೂ ಬೇಕು ಎಂಬ ಮಾತನ್ನು ಯಾವ ಮನವಿಯಲ್ಲೂ ನಾವು ಬರೆಯುವುದಿಲ್ಲ.

ಹಣದ ಸ್ವರೂಪವೂ ಹೀಗೇ ಇದೆ. ಕೇಂದ್ರದ ಯೋಜನೆಯಲ್ಲಿ ರಾಜ್ಯ ಕ್ಯಾನ್ಸರ್ ಸಂಸ್ಥೆಗೆ ಗರಿಷ್ಠ 120 ಕೋಟಿ, ಅದಕ್ಕಿಂತ ಚಿಕ್ಕದಾದ ಕ್ಯಾನ್ಸರ್ ಕೇಂದ್ರಕ್ಕೆ 45 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರ 60, ರಾಜ್ಯ 40 ಪಾಲು. ಕರ್ನೂಲಿನ ರಾಜ್ಯ ಕ್ಯಾನ್ಸರ್ ಸಂಸ್ಥೆಗೆ ಮಂಜೂರಾದದ್ದು ಈ 120 ಕೋಟಿಯ ಮಾದರಿಯಲ್ಲೇ. ಈ ಹಣ ಒಂದು ಸಲದ್ದು, ಕಟ್ಟಡಕ್ಕೆ ಮತ್ತು ಉಪಕರಣಕ್ಕೆ. ತಿಂಗಳು ತಿಂಗಳ ಸಂಬಳ ರಾಜ್ಯದ ಹೊಣೆ. ಹೊಸ ಹುದ್ದೆ ಸೃಷ್ಟಿಸಲು ಹಣಕಾಸು ಇಲಾಖೆ ಒಪ್ಪಬೇಕು. ಅದು ತಡವಾದರೆ ಡೆಪ್ಯುಟೇಷನ್, ಗುತ್ತಿಗೆ, ಹೊರಗುತ್ತಿಗೆ ಎಂದು ತೇಪೆ ಹಾಕುತ್ತಾರೆ. ನಗರದ ಖಾಸಗಿ ಆಸ್ಪತ್ರೆಯಲ್ಲಿ ಹಲವು ಪಟ್ಟು ಸಂಬಳ ಸಿಗುವ ತಜ್ಞರು ಗುತ್ತಿಗೆಯ ಮೇಲೆ ಜಿಲ್ಲಾ ಕೇಂದ್ರದಲ್ಲಿ ಎಷ್ಟು ದಿನ ನಿಂತಾರು? ಅವರಿಗೂ ಮಕ್ಕಳ ಶಾಲೆ, ಮನೆ, ಬಡ್ತಿ ಎಲ್ಲ ಬೇಕಲ್ಲವೇ?

ಈ ನಡುವೆ ಪೆನುಕೊಂಡ, ಆದೋನಿ ಸೇರಿದಂತೆ ಹತ್ತು ಹೊಸ ವೈದ್ಯಕೀಯ ಕಾಲೇಜುಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ನಡೆಸಲು ಆಂಧ್ರ ಸರ್ಕಾರ 2025ರಲ್ಲಿ ನಿರ್ಧರಿಸಿದ್ದು, ಪರ ವಿರೋಧ ಚರ್ಚೆ ಜೋರಾಗಿದೆ. ಎರಡೂ ನಮ್ಮ ಜನ ಹೋಗಿಬರುವ ಊರುಗಳೇ. ಯಾರು ನಡೆಸಬೇಕೆಂಬ ರಾಜಕೀಯ ನಮ್ಮ ಸಂಘದ್ದಲ್ಲ. ಆದರೆ ಯಾರೇ ನಡೆಸಲಿ, ಅಲ್ಲಿ ಕ್ಯಾನ್ಸರ್ ವಿಭಾಗ ಇರುತ್ತದೆಯೇ, ಬಡವರ ಕಾರ್ಡು ನಡೆಯುತ್ತದೆಯೇ, ಖಾಯಂ ಹುದ್ದೆಗಳು ಎಷ್ಟು ಎಂಬ ಮೂರು ಪ್ರಶ್ನೆ ಕೇಳುವ ಹಕ್ಕು ನಮಗಿದೆ.

ಯಾವುದು ಹತ್ತಿರ, ಯಾವುದು ದೂರ?

ಎಲ್ಲವೂ ಎಲ್ಲ ಊರಿಗೂ ಬರಲು ಸಾಧ್ಯವಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆ, ವಿಕಿರಣ, ಮಕ್ಕಳ ರಕ್ತ ಕ್ಯಾನ್ಸರಿನಂಥವು ದೊಡ್ಡ ಕೇಂದ್ರದಲ್ಲೇ ಆಗಬೇಕು. ಆದರೆ ಅಲ್ಲಿನ ತಜ್ಞರು ಬರೆದುಕೊಟ್ಟ ಕೀಮೋವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹಾಕಿ ಸಂಜೆ ಮನೆಗೆ ಕಳಿಸಬಹುದು. ಅಸ್ಸಾಂ ಸರ್ಕಾರ ಮತ್ತು ಟಾಟಾ ಟ್ರಸ್ಟ್ ಸೇರಿ ಮಾಡಿದ ಮೂರು ಹಂತದ ಆಸ್ಪತ್ರೆಗಳ ಜಾಲದ ಹಿಂದೆ ಇರುವುದು ಇದೇ ವಿಚಾರ. ಅಲ್ಲಿ 2022ರ ಏಪ್ರಿಲ್‌ನಲ್ಲಿ ಒಂದೇ ದಿನ ಏಳು ಆಸ್ಪತ್ರೆ ಉದ್ಘಾಟನೆಯಾದವು. ಕರ್ನಾಟಕ 2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ಆರಂಭಿಸಿತು. ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರ, ಅದರಲ್ಲಿ 2025-26ರಲ್ಲೇ 200 ಎಂದು ಕೇಂದ್ರದ ಮುಂಗಡಪತ್ರದಲ್ಲೂ ಹೇಳಿದ್ದಾರೆ.

ಡೇ ಕೇರ್ ಎಂದರೆ ನಾಲ್ಕು ಮಂಚ, ಒಂದು ಟಿವಿ ಅಲ್ಲ. ಕೀಮೋ ಔಷಧಿ ಬೆರೆಸಲು ಸುರಕ್ಷಿತ ಕ್ಯಾಬಿನೆಟ್ ಬೇಕು, ಇಲ್ಲದಿದ್ದರೆ ಬೆರೆಸುವ ನರ್ಸಿನ ಆರೋಗ್ಯಕ್ಕೇ ಅಪಾಯ. ಔಷಧಿ ನರದಿಂದ ಹೊರಗೆ ಸೋರಿದರೆ ಏನು ಮಾಡಬೇಕೆಂದು ಗೊತ್ತಿರುವ ತರಬೇತಾದ ನರ್ಸು ಬೇಕು. ಅವರನ್ನು ಆರು ತಿಂಗಳಿಗೆ ಬೇರೆ ವಾರ್ಡಿಗೆ ಎತ್ತಿ ಹಾಕಬಾರದು. ರಕ್ತ ಪರೀಕ್ಷೆ, ರಕ್ತನಿಧಿ, ಗುಣಮಟ್ಟ ಪರೀಕ್ಷಿಸಿದ ಔಷಧಿ ಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವುಗಳಾಗಿ, ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ರಾಜ್ಯವೇ ಬೆಚ್ಚಿಬಿದ್ದದ್ದನ್ನು ಮರೆಯುವಂತಿಲ್ಲ. ಔಷಧಿ ಖರೀದಿ ಎಂಬುದು ಸ್ಟೋರಿನ ಕಡತವಲ್ಲ, ರೋಗಿಯ ಪ್ರಾಣ.

ಆಡಳಿತದ ಸಣ್ಣ ತಿದ್ದುಪಡಿಗಳು

ಕೆಲವು ಸುಧಾರಣೆಗೆ ಕೋಟಿ ಬೇಕಿಲ್ಲ.

ಒಂದು: ಪ್ರತಿ ಕೀಮೋಗೆ ಮುಂಚೆ ರಕ್ತದ ಕಣಗಳ ಎಣಿಕೆ ನೋಡುತ್ತಾರೆ. ಕಡಿಮೆಯಿದ್ದರೆ "ಮುಂದಿನ ವಾರ ಬನ್ನಿ" ಎನ್ನುತ್ತಾರೆ. ರಾತ್ರಿ ಬಸ್ಸಿನಲ್ಲಿ ಹೋದವರು ಬರಿಗೈಲಿ ವಾಪಸ್. ಎರಡು ದಿನ ಮುಂಚೆ ರಾಯದುರ್ಗದ ಅಥವಾ ಮಡಕಶಿರಾದ ಸರ್ಕಾರಿ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿ, ರಿಪೋರ್ಟನ್ನು ಫೋನಿನಲ್ಲಿ ಕಳಿಸಿ, ದೊಡ್ಡ ಆಸ್ಪತ್ರೆ ಅದನ್ನು ಒಪ್ಪುವಂತಾದರೆ ಆ ಪ್ರಯಾಣವೇ ಉಳಿಯುತ್ತದೆ.

ಎರಡು: ಕೀಮೋ ಆದ ಮೇಲಿನ ದಿನಗಳಲ್ಲಿ, ಅದರಲ್ಲೂ ಎರಡನೇ ವಾರದಲ್ಲಿ, 100.4 ಡಿಗ್ರಿ ಜ್ವರ ಬಂದರೆ ಅದು ತುರ್ತು ಸ್ಥಿತಿ. ಬಿಳಿ ರಕ್ತಕಣ ಕಡಿಮೆಯಿರುವಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಯ ರಾತ್ರಿ ಡ್ಯೂಟಿಯವರಿಗೆ ಇದರ ತರಬೇತಿ, ಫೋನಿನಲ್ಲಿ ತಜ್ಞರ ಸಲಹೆ ಎರಡೂ ಸಿಗಬೇಕು. ಸದಸ್ಯರು ಈ ಮಾತನ್ನು ತಮ್ಮ ಮನೆಗಳಲ್ಲೂ ತಿಳಿಸಿರಿ.

ಮೂರು: ಆಸ್ಪತ್ರೆ ಬದಲಿಸುವಾಗ ಬಯಾಪ್ಸಿ ರಿಪೋರ್ಟಿನ ಜೊತೆ ಸ್ಲೈಡು ಮತ್ತು ಮೇಣದ ಬ್ಲಾಕನ್ನೂ ಕೇಳಿ ಪಡೆಯಬೇಕು. ಇಲ್ಲದಿದ್ದರೆ ಮತ್ತೆ ಮೊದಲಿಂದ. ಇದನ್ನು ರೋಗಿಗೆ ಹೇಳುವುದು ಆಸ್ಪತ್ರೆಯ ಕೆಲಸ, ಹೇಳುವವರೇ ಇರುವುದಿಲ್ಲ. ಹೇಳಲೆಂದೇ ಒಬ್ಬ ಸಿಬ್ಬಂದಿ ಬೇಕು.

ನಾಲ್ಕು: ದೂರದಿಂದ ಬಂದವರಿಗೆ ಬೆಳಗಿನ ಸರದಿ, ಒಂದೇ ದಿನ ರಕ್ತ, ಸ್ಕ್ಯಾನು, ವೈದ್ಯರ ಭೇಟಿ. ದಿನಾಂಕ ಮೊದಲೇ ಫೋನಿಗೆ.

ಐದು: ಗುಣವಾಗದ ಹಂತದಲ್ಲಿರುವವರ ನೋವು. ಮಾರ್ಫಿನ್ ಮಾತ್ರೆ ದುಬಾರಿಯಲ್ಲ. 2014ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದೂ ಸುಲಭವಾಗಿದೆ. ಪ್ರತಿ ಜಿಲ್ಲಾ ಆಸ್ಪತ್ರೆಯೂ ಆ ಮಾನ್ಯತೆ ಪಡೆಯಬೇಕು. ಕೊನೆಗಾಲದಲ್ಲಿ ನರಳಾಟ ಇಲ್ಲದಿರುವುದೂ ಚಿಕಿತ್ಸೆಯೇ.

ಗಡಿ ದಾಟುವ ಕಾರ್ಡು

ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಮೊದಲು ಶುರುವಾದ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಈಗ ಅದರ ಹೆಸರು ಡಾ. ಎನ್‌ಟಿಆರ್ ವೈದ್ಯ ಸೇವೆ. 2019ರ ನವೆಂಬರ್ 1ರಿಂದ ಬೆಂಗಳೂರು, ಚೆನ್ನೈ, ಹೈದರಾಬಾದಿನ ಆಯ್ದ ಆಸ್ಪತ್ರೆಗಳಿಗೂ ಅದು ವಿಸ್ತರಿಸಿತು. ಇದು ಗಡಿಯವರಿಗೆ ದೊಡ್ಡ ಉಪಕಾರ. ಆದರೆ ಯಾವ ಆಸ್ಪತ್ರೆ, ಯಾವ ಚಿಕಿತ್ಸೆ ಎಂಬ ಪಟ್ಟಿ ಬದಲಾಗುತ್ತಿರುತ್ತದೆ. ಹೊರಡುವ ಮುಂಚೆ 104ಕ್ಕೆ ಕರೆ ಮಾಡಿ ಕೇಳಿಕೊಂಡೇ ಹೊರಡಿರಿ. ಕರ್ನಾಟಕದ ಆರೋಗ್ಯ ಕರ್ನಾಟಕ ಯೋಜನೆ ಆ ರಾಜ್ಯದ ಪಡಿತರ ಚೀಟಿಯವರಿಗೆ. ನಮ್ಮ ಚೀಟಿ ಅಲ್ಲಿ ನಡೆಯದು.

ಬಸ್ಸಿನ ಕಥೆಯೂ ಹೀಗೇ. ಕರ್ನಾಟಕದ ಶಕ್ತಿ ಯೋಜನೆ ಅಲ್ಲಿನ ನಿವಾಸಿ ಮಹಿಳೆಯರಿಗೆ. ಆಂಧ್ರದ ಸ್ತ್ರೀ ಶಕ್ತಿ 2025ರ ಆಗಸ್ಟ್ 15ರಿಂದ ಜಾರಿಯಲ್ಲಿದ್ದರೂ ರಾಜ್ಯದೊಳಗೆ ಮಾತ್ರ. ಎರಡೂ ಕಡೆ ಮಹಿಳೆಯರಿಗೆ ಉಚಿತ ಬಸ್ಸು ಇದ್ದೂ, ಬೆಂಗಳೂರಿಗೆ ಕೀಮೋಗೆ ಹೋಗುವ ನಮ್ಮ ಹೆಣ್ಣುಮಗಳು ಗಡಿಯಿಂದಾಚೆಗೆ ಟಿಕೆಟ್ ಕೊಳ್ಳಬೇಕು. ಕ್ಯಾನ್ಸರ್ ರೋಗಿ ಮತ್ತು ಜೊತೆಗಾರರೊಬ್ಬರಿಗೆ ಎರಡೂ ರಾಜ್ಯದ ಬಸ್ಸಿನಲ್ಲಿ ಚಿಕಿತ್ಸೆಯ ಚೀಟಿ ತೋರಿಸಿದರೆ ಸಾಕು ಎಂಬ ಒಪ್ಪಂದ ಕಷ್ಟದ್ದೇನಲ್ಲ. ರೈಲಿನಲ್ಲಿ ಇಂಥ ಸೌಲಭ್ಯ ಈಗಲೇ ಇದೆ: ಆಸ್ಪತ್ರೆಯ ಪ್ರಮಾಣಪತ್ರ ಇದ್ದರೆ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಗಾರರಿಗೆ ಶೇ. 75 ರಿಯಾಯಿತಿ. ಬಹಳ ಜನ ಇದನ್ನು ಬಳಸುತ್ತಿಲ್ಲ. ರಾಯದುರ್ಗದಿಂದ ಪಾವಗಡ, ಮಡಕಶಿರಾ, ಮಧುಗಿರಿ ಮೇಲೆ ತುಮಕೂರಿಗೆ ಹೋಗಬೇಕಾದ ರೈಲು ಮಾರ್ಗ ಮುಗಿದರೆ ಅದೂ ಒಂದು ರೀತಿಯಲ್ಲಿ ಆರೋಗ್ಯ ಯೋಜನೆಯೇ.

ಗಡಿ ಮುಚ್ಚಿದರೆ ಏನಾಗುತ್ತದೆಂದು ನಮಗೆ ಗೊತ್ತಿದೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ರಸ್ತೆ ಬಂದಾಗಿ ಕಾಸರಗೋಡಿನವರು ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಮೇ ತಿಂಗಳಲ್ಲಿ ಕರ್ನೂಲು ಬಳಿಯ ಪುಲ್ಲೂರು ಚೆಕ್‌ಪೋಸ್ಟಿನಲ್ಲಿ ಆಂಧ್ರದ ಆಂಬುಲೆನ್ಸುಗಳನ್ನು ತಡೆದಾಗ ತೆಲಂಗಾಣ ಹೈಕೋರ್ಟು ಮಧ್ಯೆ ಬರಬೇಕಾಯಿತು. ಎರಡೂ ಸಲ ನ್ಯಾಯಾಲಯದಿಂದ ಬಂದ ಪರಿಹಾರವನ್ನು ಸರ್ಕಾರಗಳು ಮೊದಲೇ ಬರೆದಿಟ್ಟ ಒಪ್ಪಂದದಿಂದ ತರಬಹುದಿತ್ತು.

"ಆಂಧ್ರದವರ ಭಾರ ಕರ್ನಾಟಕ ಏಕೆ ಹೊರಬೇಕು" ಎಂದು ಕೇಳುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಭಾರ ಹೊರಬೇಕಿಲ್ಲ, ಬಿಲ್ಲು ಕಳಿಸಲಿ. ನಮ್ಮ ರಾಜ್ಯ ಆ ಬಿಲ್ಲನ್ನು ಬಾಕಿ ಇಡದೆ ತೀರಿಸಲಿ. ರೋಗಿ ಎಲ್ಲಿಗೆ ಹೋದರೆ ಅವನ ಪಾಲಿನ ಹಣವೂ ಅಲ್ಲಿಗೆ ಹೋಗಲಿ. ರಾಯದುರ್ಗದವರಿಗೆ ಬಳ್ಳಾರಿಯ ಸರ್ಕಾರಿ ಬೋಧನಾ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಆದರೆ ಬೆಂಗಳೂರಿನ ಸಾಲಿನಲ್ಲಿ ಅಷ್ಟು ಜನ ಕಡಿಮೆ.

ಭಾಷೆಯ ಮಾತು

ಕನ್ನಡ ಸಂಘವಾಗಿ ಇದನ್ನು ಹೇಳದೆ ಬಿಡಲಾಗದು. ನಮ್ಮ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. ಬಜಾರಿನಲ್ಲಿ ಎರಡೂ ಬಾಯಲ್ಲಿ ಬರುತ್ತವೆ, ಜಗಳವಿಲ್ಲ. ಆದರೆ "ಎದೆಯಲ್ಲಿ ಗಂಟಿದೆ", "ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದೆ" ಎಂದು ಹೇಳಿಕೊಳ್ಳಲು ಐವತ್ತು ದಾಟಿದ ತಾಯಂದಿರಿಗೆ ಮನೆಮಾತೇ ಬೇಕು. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಕೈಯ ಚಿತ್ರಪಟ, ಒಪ್ಪಿಗೆ ಪತ್ರ, ಔಷಧಿ ಚೀಟಿ ಗಡಿ ಮಂಡಲಗಳಲ್ಲಿ ಎರಡೂ ಭಾಷೆಯಲ್ಲಿ ಇರಲಿ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವುದು ಬಿಡಿ ಎಂಬ ಮಾತೂ ತಿಳಿಯುವ ಮಾತಿನಲ್ಲಿ ಹೇಳಿದರೇ ನಾಟುವುದು.

ನಾವು ಮಾಡಬೇಕಾದ ಕೆಲಸ

ಬರೀ ಮನವಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಂಡರೆ ಏನೂ ಆಗದು. ಕಡತ ಅಂಕಿಗೆ ಮಾತ್ರ ಉತ್ತರ ಕೊಡುತ್ತದೆ ಎಂಬುದು ನನ್ನ ನೌಕರಿ ಕಲಿಸಿದ ಪಾಠ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕಕ್ಕೆ 30 ದಿನದಲ್ಲಿ ಉತ್ತರ ಬರಬೇಕು. ಅನಂತಪುರದ ಸರ್ಕಾರಿ ಸಾಮಾನ್ಯ ಆಸ್ಪತ್ರೆಗೆ ಮತ್ತು ಎರಡೂ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಸಂಘದ ಪರವಾಗಿ ಕೇಳಬೇಕಾದ ಪ್ರಶ್ನೆಗಳು ಇವು:

1. ಕ್ಯಾನ್ಸರ್ ಚಿಕಿತ್ಸೆಗೆ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ ಎಷ್ಟೆಷ್ಟು? ಎಂದಿನಿಂದ ಖಾಲಿ?
2. ಯಾವ ಯಂತ್ರಗಳಿವೆ, ಕಳೆದ ವರ್ಷ ಎಷ್ಟು ದಿನ ನಿಂತಿದ್ದವು, ಕಾರಣವೇನು?
3. ಡೇ ಕೇರ್ ಕೀಮೋ ಕೇಂದ್ರದ ಪ್ರಸ್ತಾವನೆ ಯಾವ ಹಂತದಲ್ಲಿದೆ?
4. ಬಯಾಪ್ಸಿ ರಿಪೋರ್ಟಿಗೆ ಸರಾಸರಿ ಎಷ್ಟು ದಿನ?
5. ಮಾರ್ಫಿನ್ ದಾಸ್ತಾನಿಗೆ ಮಾನ್ಯತೆ ಇದೆಯೇ?
6. ಗಡಿ ಮಂಡಲಗಳಲ್ಲಿ ತಪಾಸಣೆಗೆ ಒಳಗಾದವರು ಎಷ್ಟು, ಅನುಮಾನ ಕಂಡವರಲ್ಲಿ ಚಿಕಿತ್ಸೆಗೆ ತಲುಪಿದವರು ಎಷ್ಟು?

ಆರನೆಯದೇ ಮುಖ್ಯ. ತಪಾಸಣೆ ಮಾಡಿ ಗಂಟು ಪತ್ತೆ ಹಚ್ಚಿ, ಮುಂದಿನ ದಾರಿ ತೋರಿಸದೆ ಬಿಟ್ಟರೆ ಆ ಮನೆಗೆ ಭಯ ಕೊಟ್ಟಂತಾಯಿತೇ ಹೊರತು ಚಿಕಿತ್ಸೆ ಕೊಟ್ಟಂತಾಗಲಿಲ್ಲ.

ಉತ್ತರ ಬಂದ ಮೇಲೆ ಕಲೆಕ್ಟರ್ ಕಚೇರಿಯ ಸೋಮವಾರದ ಅಹವಾಲು ವೇದಿಕೆಯಲ್ಲಿ ಅಂಕಿ ಸಮೇತ ಅರ್ಜಿ ಕೊಡೋಣ. ಅದೇ ಪ್ರತಿಯನ್ನು ಬೆಂಗಳೂರಿಗೂ ಕಳಿಸೋಣ. ಈಚೆಗೆ ಚಿಕಿತ್ಸೆ ಮುಗಿಸಿದ ಕುಟುಂಬದವರು ದಾರಿ ಗೊತ್ತಿಲ್ಲದ ಹೊಸಬರಿಗೆ ಫೋನಿನಲ್ಲಿ ಹೇಳಲು ಒಪ್ಪಿದರೆ ತಮ್ಮ ಹೆಸರನ್ನು ಸಂಘಕ್ಕೆ ತಿಳಿಸಬೇಕಾಗಿ ವಿನಂತಿ. ಹೆಸರನ್ನು ಪುಟದಲ್ಲಿ ಹಾಕುವುದಿಲ್ಲ. ರೈಲು ರಿಯಾಯಿತಿಯ ಪತ್ರ ತುಂಬಲು, 104ಕ್ಕೆ ವಿಚಾರಿಸಲು ತಿಳಿಯದವರಿಗೆ ನಿವೃತ್ತ ನೌಕರರಾದ ನಾವು ನಾಲ್ಕಾರು ಮಂದಿ ಕೂತು ಮಾಡಿಕೊಡುತ್ತೇವೆ. ಮುಂದಿನ ಮಾಸಿಕ ಸಭೆಯಲ್ಲಿ ಮಾಹಿತಿ ಹಕ್ಕಿನ ಅರ್ಜಿಯ ಕರಡನ್ನು ಮಂಡಿಸಲಾಗುವುದು. ಪ್ರಶ್ನೆ ಸೇರಿಸುವವರು ಬರೆದುಕೊಂಡು ಬನ್ನಿ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ